ಸಹಾಯ ಬೇಕು: ಮುರಿದ ಪ್ರೀತಿಗಾಗಿ ಒಂಬತ್ತು ದಿನದ ಪ್ರಾರ್ಥನೆ, ಕನ್ನಡದಲ್ಲಿ

ಕಾಸರಗೋಡು ಜಿಲ್ಲೆಯ ಬೇಳ, ಕುಂಬಳೆ, ಮಂಜೇಶ್ವರ ಕಡೆಯವರೇ, ಮುನಿಸಿಕೊಂಡು ಬೇರೆಯಾದ ಜೋಡಿಗಳಿಗೆ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಹಾಳೆ ಮಾಡುತ್ತಿದ್ದೇವೆ. ಟೈಪ್ ಮಾಡುವವರು, ತಪ್ಪು ತಿದ್ದುವವರು ಬೇಕು. ಮಲಯಾಳಂ ಮೀಡಿಯಂನಲ್ಲಿ ಓದಿದವರಿಗೆ ಒತ್ತಕ್ಷರ ಕಷ್ಟ, ಅಕ್ಷರ 16 ಪಾಯಿಂಟ್ ಇರಲಿ.

ಮೊದಲ ಮೂರು ದಿನ ಬೈಬಲಿನ ಕೀರ್ತನೆ 51, ಪಶ್ಚಾತ್ತಾಪದ ಪ್ರಾರ್ಥನೆ. ತನ್ನ ತಪ್ಪು ಮಾತ್ರ ನೆನೆಯಬೇಕು, ಎದುರಿನವರದ್ದು ಬೇಡ. ಮುಂದಿನ ಮೂರು ದಿನ 1 ಕೊರಿಂಥ 13:4-7; ‘ಪ್ರೀತಿ’ ಎಂದಿರುವಲ್ಲಿ ತನ್ನ ಹೆಸರು ಸೇರಿಸಿ ಗಟ್ಟಿಯಾಗಿ ಓದಬೇಕು. ನಾಲಗೆ ತಡವರಿಸಿದಲ್ಲಿ ಪೆನ್ಸಿಲ್ ಗೆರೆ. ಕೊನೆಯ ಮೂರು ದಿನ ತೋಬಿತ 8:5-8, ನವದಂಪತಿಯ ಪ್ರಾರ್ಥನೆ. ಇದು ಪ್ರೊಟೆಸ್ಟೆಂಟರ ಸತ್ಯವೇದದಲ್ಲಿಲ್ಲ, ಅವರಿಗೆ ಫಿಲಿಪ್ಪಿ 4:6-7 ಹಾಕಿ.

ಕೆಡುವುದು ಎಲ್ಲಿ ಅಂದರೆ, ಒಂಬತ್ತನೇ ದಿನ ಬಿಟ್ಟುಹೋದವಳು ಬಂದೇ ಬರಬೇಕು ಎಂದು ದೇವರಿಗೇ ಗಡುವು ಹಾಕುತ್ತಾರೆ. ಇದೇನು ವಶೀಕರಣವೇ? ಮತ್ತಾಯ 5:24ರ ‘ಮೊದಲು ಹೋಗಿ ರಾಜಿಯಾಗು’ ಹಿಡಿದು ಅವಳ ಮನೆ ಗೇಟಿನ ಮುಂದೆ ನಿಲ್ಲುವವರೂ ಇದ್ದಾರೆ. ಕ್ಷಮೆ ಕೇಳುವ ಪತ್ರ ಒಂದೇ, ಅರ್ಧ ಪುಟ, ‘ಆದರೆ’ ಎಂಬ ಪದವಿಲ್ಲದೆ. ‘ಬೇಡ’ ಎಂದರೆ ಅಲ್ಲಿಗೆ ಮುಗಿಯಿತು. ಹೊಡೆತ, ಬೆದರಿಕೆ ಇದ್ದರೆ ಹಾಳೆ ಕೊಡಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಸಿ.

ಇಬ್ಬರೂ ಒಪ್ಪಿದ ಮೇಲೆ ಜತೆಗೆ ಕೂತು ಮಾತಾಡಿಸಲು ಹಿರಿಯ ದಂಪತಿಯೂ ಬೇಕು. ಕೊಂಕಣಿ ಬಂದರೆ ಇನ್ನೂ ಒಳ್ಳೆಯದು.