‘ಬ್ರಾಹ್ಮಿ’ ಅಂದ್ರೆ ಒಂದೆಲಗಾನಾ, ನೀರುಬ್ರಾಹ್ಮಿನಾ?

ಎಲ್ರಿಗೂ ನಮಸ್ಕಾರ. ನೆನಪಿನ ಶಕ್ತಿಗೆ ಕೊಡೋ ಮೂಲಿಕೆಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಅದರಲ್ಲಿ ‘ಬ್ರಾಹ್ಮಿ’ ಬಂದಲ್ಲೆಲ್ಲ ಯೋಚನೆನೇ ಮಾಡದೆ ‘ಒಂದೆಲಗ’ ಅಂತ ಬರೆದುಬಿಟ್ಟಿದ್ದೆ. ನಮ್ಮ ಸಾಗರದ ಕಡೆ ಹಂಗೇ ಹೇಳೋದು, ಅಮ್ಮ ತೋಟದ ಕಾಲುವೆ ಬದಿಯಿಂದ ಕಿತ್ತು ತಂದು ತಂಬುಳಿ ಮಾಡ್ತಿದ್ದಿದ್ದು ಒಂದೆಲಗ, ಅದೇ ಬ್ರಾಹ್ಮಿ, ಮಕ್ಕಳಿಗೆ ಬುದ್ಧಿ ಚುರುಕಾಗತ್ತೆ ಅಂತ. ಆಮೇಲೆ ನೋಡಿದ್ರೆ ಲೇಖನದಲ್ಲಿರೋ ಗಿಡದ ವೈಜ್ಞಾನಿಕ ಹೆಸರು ಬಕೋಪ ಮೊನ್ನಿಯೆರಿ, ಅಂದ್ರೆ ನೀರುಬ್ರಾಹ್ಮಿ. ಒಂದೆಲಗ ಸೆಂಟೆಲ್ಲ ಏಷಿಯಾಟಿಕ, ಕೊತ್ತಂಬರಿ ಕುಟುಂಬದ್ದು. ಎರಡಕ್ಕೂ ಸಂಬಂಧಾನೇ ಇಲ್ಲ.

ಗೊಂದಲ ಹಳೇದು. ಚರಕಸಂಹಿತೆಯಲ್ಲಿ ಮೇಧ್ಯ ರಸಾಯನ, ಅಂದ್ರೆ ಬುದ್ಧಿ ಚುರುಕು ಮಾಡೋ ಮದ್ದು ಹೇಳೋವಾಗ ಮಂಡೂಕಪರ್ಣಿ (ಇದನ್ನ ಸಾಮಾನ್ಯವಾಗಿ ಒಂದೆಲಗ ಅಂತ ಗುರುತಿಸ್ತಾರೆ) ಬರತ್ತೆ, ಬ್ರಾಹ್ಮೀ ಘೃತ, ಅಂದ್ರೆ ಬ್ರಾಹ್ಮಿ ಹಾಕಿ ಕಾಯಿಸಿದ ತುಪ್ಪ, ಬರೋದು ಬೇರೆ ಕಡೆ. 16ನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶಕ್ಕೆ ಬರೋ ಹೊತ್ತಿಗೆ ಬ್ರಾಹ್ಮಿ, ಸರಸ್ವತಿ, ಮಂಡೂಕಪರ್ಣಿ ಎಲ್ಲ ಒಂದೇ ಶ್ಲೋಕದಲ್ಲಿ ಸೇರ್ಕೊಂಡಿವೆ. (ಇಂಥ ಮೂಲಿಕೆ ಗ್ರಂಥಕ್ಕೂ ‘ನಿಘಂಟು’ ಅಂತಾನೇ ಕರೀತಿದ್ರು, ಮದನಪಾಲ ನಿಘಂಟು, ರಾಜನಿಘಂಟು ಅಂತ, ಗಿಡ ತಿಳ್ಕೊಳೋದು ಅಂದ್ರೆ ಅದರ ಹೆಸರುಗಳನ್ನ ತಿಳ್ಕೊಳೋದು ಅಂತಿತ್ತು, ನನಗೆ ಇದು ತುಂಬ ಇಷ್ಟವಾದ ವಿಷಯ.) ಗಿಡವನ್ನ ಕಣ್ಣಾರೆ ತೋರಿಸಿಕೊಡೋ ಗುರು ಇರೋವರೆಗೆ ಪರ್ಯಾಯ ಪದಗಳ ಪಟ್ಟಿ ಸಾಕಾಗ್ತಿತ್ತು. ಬರೀ ಪುಸ್ತಕ ಉಳಿದಾಗ ಒಂದೊಂದು ಸೀಮೆಯವರು ಒಂದೊಂದು ಗಿಡ ಹಿಡ್ಕೊಂಡ್ರು.

ಈಗಿನ ಲ್ಯಾಬ್‌ನಲ್ಲಿ ಹೆಸರು ಕೇಳಲ್ಲ, ಒಳಗೇನಿದೆ ಅಂತ ನೋಡ್ತಾರೆ. ನೀರುಬ್ರಾಹ್ಮಿಯಲ್ಲಿ ಬಕೋಸೈಡ್, ಒಂದೆಲಗದಲ್ಲಿ ಏಷಿಯಾಟಿಕೋಸೈಡ್ ಅನ್ನೋ ರಾಸಾಯನಿಕ ಇರತ್ತೆ, ಪುಡಿ ಮಾಡಿದ್ರೂ ಗೊತ್ತಾಗತ್ತೆ, ಡಿಎನ್‌ಎ ನೋಡಿನೂ ಹೇಳ್ತಾರೆ. ನನ್ನ ಲೇಖನದಲ್ಲಿ ಬರೋ 2001ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 46 ಜನ ಆರೋಗ್ಯವಂತರಲ್ಲಿ ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಂ ಬಕೋಪ ಸಾರ, ಉಳಿದವರಿಗೆ ಔಷಧ ಇಲ್ಲದ ಮಾತ್ರೆ, 12 ವಾರ ಕೊಟ್ರು, ಯಾರಿಗೆ ಯಾವುದು ಅಂತ ಕೊಟ್ಟೋರಿಗೂ ತಗೊಂಡೋರಿಗೂ ಗೊತ್ತಿರಲಿಲ್ಲ. ಅಲ್ಲಿ ನಾನು ‘ಒಂದೆಲಗ’ ಅಂತ ಬರೆದ್ರೆ ಆ ಪ್ರಯೋಗದಲ್ಲಿ ಬಳಸದೇ ಇರೋ ಸೊಪ್ಪಿಗೆ ಅದರ ಫಲಿತಾಂಶ ಅಂಟಿಸಿದ ಹಾಗಾಗತ್ತೆ, ಓದಿದೋರು ತಂಬುಳಿ ಉಂಡು ಅದೇ ಫಲ ಬರತ್ತೆ ಅಂತ ನಂಬ್ತಾರೆ. ಹಂಗಂತ ತಂಬುಳಿಗೆ ಗುಣ ಇಲ್ಲ ಅಂತ ನಾನು ಹೇಳ್ತಿಲ್ಲ, ಅದನ್ನ ಬೇರೆಯಾಗೇ ಪರೀಕ್ಷೆ ಮಾಡ್ಬೇಕು ಅಷ್ಟೆ.

ನನಗನಿಸೋದು, ಇಲ್ಲಿ ಕನ್ನಡದ ಹೆಸರುಗಳೇ ಹೆಚ್ಚು ನಿಖರ. ಒಂದೆಲಗ ಅಂದ್ರೆ ಒಂದು ತೊಟ್ಟಿಗೆ ಒಂದೇ ಎಲೆ, ಗಿಡ ನೋಡಿದ ತಕ್ಷಣ ಗೊತ್ತಾಗತ್ತೆ. ನೀರುಬ್ರಾಹ್ಮಿಗೆ ದಪ್ಪ ಪುಟ್ಟ ಎಲೆ, ಜೋಡಿ ಜೋಡಿಯಾಗಿ, ಬಾಯಿಗಿಟ್ರೆ ಕಹಿ. ಅದಕ್ಕೇ ಬರೀ ‘ಬ್ರಾಹ್ಮಿ’ ಅನ್ನೋದನ್ನ ಪೂರ್ತಿ ಬಿಟ್ಟು ಇವೆರಡನ್ನೇ ಬಳಸೋಣ ಅಂತಿದೀನಿ.

ನಿಮ್ಮ ಕಡೆ ಹೇಗೆ? ತುಳುವಿನಲ್ಲಿ ಒಂದೆಲಗಕ್ಕೆ ತಿಮರೆ ಅಂತಾರೆ, ಅಲ್ಲಿ ಬ್ರಾಹ್ಮಿ ಅಂದ್ರೆ ಯಾವ ಗಿಡ ಕಿತ್ತು ಕೊಡ್ತಾರೆ? ಬಯಲುಸೀಮೆ, ಉತ್ತರ ಕರ್ನಾಟಕದೋರು ನೀರುಬ್ರಾಹ್ಮಿಗೆ ಮನೆಮಾತಲ್ಲಿ ಏನಂತೀರಿ? ಹಾಗೇ, ಆ ಔಷಧ ಇಲ್ಲದ ಮಾತ್ರೆಗೆ ‘ಹುಸಿಮದ್ದು’ ಅಂದ್ರೆ ಮೋಸದ ಮದ್ದು ಅನ್ನೋ ಅರ್ಥ ಬಂದುಬಿಡತ್ತಾ, ಅಥವಾ ‘ಪ್ಲಾಸಿಬೊ’ ಅಂತಾನೇ ಉಳಿಸಲಾ?