56ರ ವಯಸ್ಸಿನಲ್ಲಿ ಥಾಯ್ಲೆಂಡ್‌ಗೆ ಹೋಗಿ ಇಂಗ್ಲಿಷ್ ಕಲಿಸಬಹುದಾ?

ಹಾಸನದ ಮೇಡಂ
ಎಲ್ಲರಿಗೂ ನಮಸ್ಕಾರ. ಅನುದಾನಿತ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್ ನಾನು. ಬಿಎ, ಬಿಎಡ್, ವಯಸ್ಸು 56. ವಿಆರ್‌ಎಸ್ ತಗೊಂಡು ಒಂದೆರಡು ವರ್ಷ ಹೊರದೇಶದಲ್ಲಿ ಪಾಠ ಮಾಡಬೇಕು ಅಂತ ತುಂಬಾ ಆಸೆ. ಮಗಳ ಮದುವೆ ಆಗಿದೆ, ಆರೋಗ್ಯ ಚೆನ್ನಾಗಿದೆ. ದುಡ್ಡು ಮಾಡಬೇಕು ಅಂತಲ್ಲ, ಆದರೆ ಕೈಯಿಂದ ಹಾಕಿಕೊಂಡು ಇರುವುದಕ್ಕೂ ಆಗುವುದಿಲ್ಲ. ಏಜೆಂಟ್ ಒಬ್ಬರು 50 ದಾಟಿದವರಿಗೆ ಥಾಯ್ಲೆಂಡ್‌ನ ರಿಟೈರ್‌ಮೆಂಟ್ ವೀಸಾ ಸಿಗುತ್ತದೆ, ಅದರಲ್ಲೇ ಕೆಲಸ ಮಾಡಬಹುದು ಅಂತ ಹೇಳಿ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ನಿಜಾನಾ? ಕೊರಿಯಾ, ಚೀನಾ ಆಗುತ್ತದಾ? ಇಷ್ಟು ವರ್ಷ ಪಾಠ ಮಾಡಿದ ಮೇಲೂ ಸೆಲ್ಟಾ (ಇಂಗ್ಲಿಷ್ ಕಲಿಸುವವರ ಸರ್ಟಿಫಿಕೇಟ್ ಕೋರ್ಸ್) ಬೇಕಾ?

ಖೋನ್ ಕೇನ್ ಕನ್ನಡಿಗ
ಮೇಡಂ, ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. 50 ದಾಟಿದವರಿಗೆ ಆ ವೀಸಾ ಇರುವುದು ನಿಜ, ಬ್ಯಾಂಕಿನಲ್ಲಿ ಇಲ್ಲಿಯ ದುಡ್ಡಿನಲ್ಲಿ 8 ಲಕ್ಷ ಬಾತ್ ತೋರಿಸಬೇಕು, ಆದರೆ ಅದರಲ್ಲಿ ಕೆಲಸ ಮಾಡುವ ಹಾಗೇ ಇಲ್ಲ. ಸಿಕ್ಕಿಬಿದ್ದರೆ ದಂಡ, ಗಡೀಪಾರು. ಪಾಠ ಮಾಡಲು ಬೇಕಾಗಿರುವುದು ನಾನ್-ಇಮಿಗ್ರಂಟ್ ಬಿ ವೀಸಾ ಮತ್ತು ವರ್ಕ್ ಪರ್ಮಿಟ್, ಅದರ ಕಾಗದಪತ್ರ ಶಾಲೆಯೇ ಕೊಡಬೇಕು. ಇಂಗ್ಲಿಷ್ ಮಾತೃಭಾಷೆ ಅಲ್ಲದ ನಮ್ಮಂಥವರು ಐಇಎಲ್‌ಟಿಎಸ್ ಅಥವಾ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಕೋರ್ ಕೂಡ ತೋರಿಸಬೇಕಾಗುತ್ತದೆ. ನಿಮಗೆ ಅದು ಕಷ್ಟವಲ್ಲ. ಬಿಎಡ್ ಇರುವುದು ದೊಡ್ಡ ಅನುಕೂಲ, ಇಲ್ಲಿಯ ಟೀಚರ್ಸ್ ಕೌನ್ಸಿಲ್ ಕೊಡುವ ಶಿಕ್ಷಕರ ಲೈಸೆನ್ಸ್ ವಿಷಯದಲ್ಲಿ ಬರೀ ಡಿಗ್ರಿ ಇರುವವರು ಒದ್ದಾಡುತ್ತಾರೆ.

ಕೊರಿಯಾದ ಟ್ಯೂಷನ್ ಕೇಂದ್ರಗಳಿಗೆ ಬೇಕಾದ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ ಥರದ ಏಳು ದೇಶದವರಿಗೆ ಮಾತ್ರ. ಚೀನಾದಲ್ಲೂ ಇಂಥ ದೇಶದವರಿಗೇ ಮೊದಲ ಮಣೆ, ಮೇಲಾಗಿ ವಯಸ್ಸಿನ ಮಿತಿ. ಇಲ್ಲಿ ಥಾಯ್ಲೆಂಡ್‌ನಲ್ಲೂ 60 ಆದ ಮೇಲೆ ಎಷ್ಟೋ ಶಾಲೆಗಳು ಹಿಂದೇಟು ಹಾಕುತ್ತವೆ, ಅದಕ್ಕೇ ಹೊರಡುವುದಿದ್ದರೆ ತಡ ಮಾಡಬೇಡಿ. ಮೇ ಮಧ್ಯದಲ್ಲಿ ಶಾಲೆ ಶುರು, ಮಾರ್ಚ್-ಏಪ್ರಿಲ್‌ನಲ್ಲಿ ಅರ್ಜಿ ಹಾಕಿ. ಬಿಳಿ ಮುಖದವರಿಗೆ ಸಂಬಳ ಜಾಸ್ತಿ, ನಮಗೆ ಕಡಿಮೆ. ಇದು ಅನ್ಯಾಯವೇ, ಆದರೆ ಗೊತ್ತಿದ್ದು ಬರುವುದು ಒಳ್ಳೆಯದು. ಸಣ್ಣ ಊರಿನಲ್ಲಿ ಒಬ್ಬರ ಜೀವನಕ್ಕೆ ಸಾಕಾಗುತ್ತದೆ.

ಮೈಸೂರಿನಿಂದ ನಾಂಪೆನ್
ಸೆಲ್ಟಾ ಕಡ್ಡಾಯ ಅಲ್ಲ, ಆದರೆ ಮಾಡಿ ಅಕ್ಕ. 50 ದಾಟಿದ ಮೇಲೆ ಮಾಡಿದವಳು ನಾನು, ಕ್ಲಾಸಿನಲ್ಲಿ ಉಳಿದವರೆಲ್ಲ ನನ್ನ ಮಕ್ಕಳ ವಯಸ್ಸಿನವರು. 120 ಗಂಟೆಯ ಕೋರ್ಸು, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ಟ್ರೈನರ್ ಹಿಂದೆ ಕೂತು ನೋಡುತ್ತಾರೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ 30 ದಿನದ ತರಬೇತಿ ನಿಮಗೂ ಆಗಿದ್ದರೆ ಅರ್ಧ ದಾರಿ ನಡೆದ ಹಾಗೆ.

ಕಷ್ಟ ಇರುವುದು ಬೇರೆ ಕಡೆ. ನಮ್ಮಲ್ಲಿ ಗದ್ಯ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿ, ಪ್ರಶ್ನೋತ್ತರ ಬರೆಸಿ, ಎಸ್‌ಎಸ್‌ಎಲ್‌ಸಿಗೆ ತಯಾರು ಮಾಡುತ್ತೇವೆ, ಅಲ್ವಾ. ಅಲ್ಲಿ ಮಕ್ಕಳ ಭಾಷೆ ನಿಮಗೆ ಬರುವುದಿಲ್ಲ, ಅರ್ಥ ಹೇಳುವ ದಾರಿಯೇ ಇಲ್ಲ. ಚಿತ್ರ, ಅಭಿನಯ, ಜೋಡಿಯಾಗಿ ಮಾತಾಡಿಸುವುದು, ಇದರಲ್ಲೇ ನಡೆಸಬೇಕು. ನಾವು ಬಾಯಿ ಮುಚ್ಚಿಕೊಂಡಷ್ಟೂ ಅವರು ಮಾತಾಡುತ್ತಾರೆ, ಬೋರ್ಡಿನ ಮುಂದೆ ಇಡೀ ಪೀರಿಯಡ್ ಮಾತಾಡಿದವರಿಗೆ ಇದು ಬಹಳ ಕಷ್ಟ.

ಖೋನ್ ಕೇನ್ ಕನ್ನಡಿಗ
ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಉಚ್ಚಾರಣೆ ಕಡೆಯೂ ಗಮನ ಬೇಕು. ನಮ್ಮ ಹಳ್ಳಿ ಮಕ್ಕಳು ಇಸ್ಕೂಲು ಅಂದರೆ ಇಲ್ಲಿಯವರು ಸಕೂನ್ ಅನ್ನುತ್ತಾರೆ, ಫುಟ್‌ಬಾಲ್ ಫುಟ್‌ಬಾನ್ ಆಗುತ್ತದೆ. ಕೊನೆಯಲ್ಲಿ ಬರುವ ಲ ಅವರ ಬಾಯಲ್ಲಿ ನ. ನಿಮ್ಮ ಅನುಭವ ಕೆಲಸಕ್ಕೆ ಬರುವುದೇ ಇಲ್ಲಿ. ವಯಸ್ಸಿಗೆ, ಗುರುವಿಗೆ ಗೌರವವಂತೂ ಇದೆ. ಜೂನ್‌ನಲ್ಲಿ ವೈ ಕ್ರೂ ಅನ್ನುವ ಗುರುವಂದನೆಯ ದಿನ ಮಕ್ಕಳು ಮಂಡಿಯೂರಿ ಹೂವು ಕೊಡುತ್ತಾರೆ.

ಕಾಗದಪತ್ರ ಕಾಮತ್
ಏಜೆಂಟ್ ಬೇಕೇ ಬೇಕು ಅಂದರೆ ಹೊರದೇಶದ ಕೆಲಸಕ್ಕೆ ಹೋಗುವವರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕವೇ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಥಾಯ್ಲೆಂಡ್ ಕೆಲಸ ಅಂತ ಕರೆಸಿ ಮ್ಯಾನ್ಮಾರ್ ಗಡಿ ದಾಟಿಸಿ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿದೆ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಪೊಲೀಸ್ ಕ್ಲಿಯರೆನ್ಸ್, ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಷನ್ ನೀವೇ ಮಾಡಿಸಿಕೊಳ್ಳಬಹುದು. ವಿಆರ್‌ಎಸ್ ಮಾತ್ರ ಶಾಲೆಯ ಲಿಖಿತ ಆಫರ್ ಕೈಗೆ ಬರುವವರೆಗೆ ಬರೆದುಕೊಡಬೇಡಿ.

ಹಾಸನದ ಮೇಡಂ
ಎಲ್ಲರಿಗೂ ಧನ್ಯವಾದ. ಏಜೆಂಟ್‌ಗೆ ಬೇಡ ಅಂದೆ. ಐಇಎಲ್‌ಟಿಎಸ್‌ಗೆ ಓದಲು ಶುರು ಮಾಡುತ್ತೇನೆ. ನಾನು ಸಸ್ಯಾಹಾರಿ, ಊಟದ ಗತಿ?

ಖೋನ್ ಕೇನ್ ಕನ್ನಡಿಗ
"ಜೇ" ಅಂತ ಕೇಳಿ, ಮಾಂಸ, ಮೀನು, ಮೊಟ್ಟೆ ಏನೂ ಹಾಕುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಕೆಂಪು ಅಕ್ಷರದ ಹಳದಿ ಬಾವುಟ ಇರುವ ಅಂಗಡಿ ನೋಡಿ. ಸುಮ್ನೆ ತರಕಾರಿ ಕೊಡಿ ಅಂದರೆ ಮೀನಿನ ಸಾಸ್ ಹಾಕಿಬಿಡುತ್ತಾರೆ. ಅಕ್ಕಿ ಬೇಕಾದಷ್ಟು ಸಿಗುತ್ತದೆ, ಸಾರಿನ ಪುಡಿ ತನ್ನಿ.