ಅಪ್‌ಡೇಟ್: ಕೆಂಪು ದೀಪದಲ್ಲಿ ನಿಂತಾಗ ಫೋನ್ ಮುಟ್ಟಿದ್ದು ತಪ್ಪಾ?

ಹೋದ ವಾರ ಇಲ್ಲಿ ಕೇಳಿದ್ದೆ: ಸಿಗ್ನಲ್‌ನಲ್ಲಿ ಕಾರು ನಿಂತಿತ್ತು, ಕೈಯಲ್ಲಿ ಫೋನ್ ಹಿಡಿದು ಹಾಡು ಬದಲಿಸಿದೆ, ಪೊಲೀಸರು ದಂಡ ಹಾಕಿದರು, ಇದು ನ್ಯಾಯನಾ ಅಂತ. ‘ಗಾಡಿ ಓಡ್ತಾನೇ ಇರಲಿಲ್ಲ’ ಅನ್ನೋದೇ ನನ್ನ ವಾದವಾಗಿತ್ತು.

ವಾದ ಬಿದ್ದುಹೋಯಿತು. ದಂಡ ಕಟ್ಟಿದೆ.

ಉತ್ತರ ಕೊಟ್ಟವರು ಹೇಳಿದ ಮೇಲೆ ನಿಯಮಗಳನ್ನು ಕೂತು ಓದಿದೆ. ಭಾರತದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರ ತಿದ್ದುಪಡಿಯಲ್ಲಿ ಕೈಯಲ್ಲಿ ಹಿಡಿಯುವ ಫೋನ್ ಬಳಕೆಯನ್ನೂ ಹೆಸರಿಸಿ ಸೇರಿಸಿದ್ದಾರೆ. 2020ರ ನಿಯಮ ಫೋನ್‌ನಲ್ಲಿ ಮ್ಯಾಪ್ ಹಾಕಿ ದಾರಿ ನೋಡೋಕೆ ಮಾತ್ರ ಅವಕಾಶ ಕೊಡುತ್ತೆ, ಅದೂ ಗಮನ ಕೆಡದ ಹಾಗೆ. ಹಾಡಿಗೆ ಅಲ್ಲ! ಬ್ರಿಟನ್ ಇನ್ನೂ ಬಿಗಿ. ಅಲ್ಲಿ ಸಿಗ್ನಲ್‌ನಲ್ಲಿ ನಿಂತಿದ್ದರೂ ಗಾಡಿ ಓಡಿಸುತ್ತಿದ್ದ ಹಾಗೇ ಲೆಕ್ಕ. 2022ರ ಮಾರ್ಚ್‌ನಿಂದ ಫೋಟೋ ತೆಗೆಯೋದು, ಹಾಡಿನ ಪಟ್ಟಿ ಜಾರಿಸೋದು ಕೂಡ ಅಪರಾಧ.

ನನಗೆ ಜಾಸ್ತಿ ತಟ್ಟಿದ್ದು ಒಬ್ಬರು ಹಾಕಿದ್ದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಪರದೆ ನೋಡಿದರೆ 50 ಮೀಟರ್ ಕುರುಡಾಗಿ ಹೋದ ಹಾಗೆ. ನಿಂತಾಗ ಶುರುವಾದ ಹಾಡಿನ ಹುಡುಕಾಟ ಹಸಿರು ದೀಪ ಬಂದರೂ ನಿಲ್ಲಲ್ಲ ಅಲ್ವಾ? ಅವತ್ತು ನನ್ನದೂ ಹಾಗೇ ಆಗಿತ್ತು. ಹಿಂದಿನವರು ಹಾರ್ನ್ ಹೊಡೆದ ಮೇಲೇ ತಲೆ ಎತ್ತಿದ್ದು. ಇದನ್ನು ಮೊದಲ ಸಲ ಬರೆಯುವಾಗ ಸುಮ್ನೆ ಬಿಟ್ಟಿದ್ದೆ.

ಈಗ ಫೋನ್ ಸ್ಟ್ಯಾಂಡ್‌ನಲ್ಲಿ ಇರುತ್ತೆ. ದಾರಿ, ಹಾಡು ಎರಡನ್ನೂ ಹೊರಡೋ ಮುಂಚೆಯೇ ಹಾಕಿಬಿಡುತ್ತೇನೆ.